ಜಾರುಗುಡ್ಡದಲ್ಲಿ ಮೂರು ದಿನ

ಪಾ ಮೊರಾನ್
ಅಕ್ಟೋಬರ್ 11, 2009, ಭಾನುವಾರ

ಪ್ರೀತಿಯ ರಾಬನ್ ಅಣ್ಣನಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡಮೇಲೂ ಹರಿದು ಹಾಕದೆ ಇಲ್ಲಿಯವರೆಗೆ ಓದಿದ್ದೀಯಲ್ಲ, ಅದೇ ದೊಡ್ಡದು. ನಾವೆಲ್ಲ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿದ್ದೀಯೆಂದು, ಆದರೆ ಸ್ವಲ್ಪ ಇಳಿದುಹೋಗಿದ್ದೀಯೆಂದು, ಕಂಪನಿಯ ಕ್ಯಾಂಪಿನ ಹತ್ತಿರ ನಿನ್ನನ್ನು ದೂರದಿಂದ ಕಂಡ ಅಗಾನ್ ಮಾವ ಹೇಳಿದ.

ಹದಿನಾಲ್ಕು ತಿಂಗಳಿಂದ ನಿನಗೆ ಒಂದು ಸಾಲೂ ಬರೆದಿಲ್ಲ. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇದೇ ಹದಿನಾಲ್ಕು ತಿಂಗಳಲ್ಲಿ ಹನ್ನೊಂದು ಕರಪತ್ರ ಬರೆದಿದ್ದೇನೆ. ನೀನು ಮರದ ಕಂಪನಿಯ ಟ್ರ್ಯಾಕ್ಟರ್ ಓಡಿಸಲು ಸೇರಿದ ವಾರವೇ ಕಾಡು ಉಳಿಸುವ ನಮ್ಮ ಸಂಘದ ಸಭೆಯಲ್ಲಿ ಎದ್ದುನಿಂತು, ಇವತ್ತಿನಿಂದ ನನಗೆ ಅಣ್ಣ ಇಲ್ಲ ಎಂದು ಹೇಳಿದವಳು ನಾನು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದ ಮಾತನ್ನು ವಾಪಸು ತೆಗೆದುಕೊಳ್ಳುವುದು ಎಷ್ಟು ಕಷ್ಟ ಎಂದು ನಾನು ಓದಿದ ಯಾವ ಕರಪತ್ರದಲ್ಲೂ ಬರೆದಿರಲಿಲ್ಲ.

ಊರಿನ ಸುದ್ದಿ ಹೇಳುತ್ತೇನೆ. ಅಮ್ಮನ ಮಂಡಿ ನೋವು ಹಾಗೆಯೇ ಇದೆ, ಆದರೂ ಗದ್ದೆಗೆ ಹೋಗುವುದು ಬಿಟ್ಟಿಲ್ಲ. ಅನಾನಸ್ ಈ ಸಲ ತುಂಬಾ ಬಂದಿದೆ, ತಿಂದು ತಿಂದು ಎಲ್ಲರ ನಾಲಿಗೆಯೂ ಸುಲಿದಿದೆ. ದೊಡ್ಡಮ್ಮನ ಮಗಳು ಸುಪಾಂಗ್‌ಳ ಚೊಚ್ಚಲು ಮಗನಿಗೆ ಹಲ್ಲು ಬರುತ್ತಿದೆ. ಅವಳನ್ನು ಈಗ ಸುಪಾಂಗ್ ಅನ್ನುವಂತಿಲ್ಲ. ಹೆಸರಿನ ಹಬ್ಬ ಆಯಿತಲ್ಲ, ತಾಯಿಯಾದಮೇಲೆ ಹಳೆಯ ಹೆಸರು ಮುಗಿಯಿತು; ಈಗ ಅವಳು ಸಿನಾ ರಾಂಗ್. ಬಾಯಿ ತಪ್ಪಿ ಹಳೆಯ ಹೆಸರಿನಿಂದ ಕರೆದರೆ ದೊಡ್ಡಮ್ಮ ಸೌಟು ಹಿಡಿದುಕೊಂಡೇ ಬರುತ್ತಾಳೆ. ನನಗೆ ಮಾತ್ರ ಆ ಹೊಸ ಹೆಸರು ಇನ್ನೂ ನಾಲಿಗೆಗೆ ಹತ್ತಿಲ್ಲ. ಅದನ್ನು ಆರುನೂರು ಜನರ ಮುಂದೆ ಕೂಗಿ ಹೇಳಿದಾಗ ನಾನು ಅಲ್ಲಿರಲಿಲ್ಲ. ನೀನೂ ಇರಲಿಲ್ಲ. ಅಜ್ಜಿಯೂ ಇರಲಿಲ್ಲ.

ಅಜ್ಜಿ ಯಾಕೆ ಇರಲಿಲ್ಲ ಎಂದು ಬರೆಯುವುದಕ್ಕೇ ಕೂತಿದ್ದೇನೆ. ಐದು ವಾರವಾಯಿತು. ಮೂರು ಸಲ ಬರೆದು ಹರಿದೆ.

ಅಜ್ಜಿ ಆಗಸ್ಟ್‌ನಲ್ಲಿ ಕೆಳಗೆ ಮಿರಿ ಪಟ್ಟಣಕ್ಕೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡದ್ದು ನಿನಗೆ ಗೊತ್ತಿರಬಹುದು. ನಾನು ಜೊತೆಗೆ ಹೋಗಿದ್ದೆ. ಇಷ್ಟು ವರ್ಷ ಆಸ್ಪತ್ರೆ ಎಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದವಳು ಈ ವರ್ಷ ತಾನೇ ಕೇಳಿಕೊಂಡು ಹೊರಟಳು. ಯಾಕೆಂದರೆ ಗಡಿಯಾಚೆಯಿಂದ ದೊಡ್ಡಜ್ಜಿ ಹಬ್ಬಕ್ಕೆ ಬರುತ್ತಾಳೆ ಎಂದು ಸುದ್ದಿ ಬಂದಿತ್ತು. ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿ ಹತ್ತೊಂಬತ್ತು ವರ್ಷ. ಇವಳಿಗೆ ಎಂಬತ್ತೆರಡು, ಅವಳಿಗೆ ಎಂಬತ್ತಾರು. "ಹೋದ ಸಲ ಬಂದಾಗ ಅವಳ ಮುಖ ಮಂಜಾಗಿ ಕಂಡಿತ್ತು. ಈ ಸಲ ಸುಕ್ಕು ಎಣಿಸ್ಬೇಕು," ಎಂದು ಡಾಕ್ಟರ ಹತ್ತಿರ ಹೇಳಿದಳು. ಇನ್ನೊಂದು ಮಾತು ನನ್ನ ಹತ್ತಿರ ಮಾತ್ರ ಹೇಳಿದಳು. ತಾಯಿಯಾದಾಗ ಒಂದು ಸಲ, ಅಜ್ಜಿಯಾದಾಗ ಒಂದು ಸಲ ಹೆಸರು ಬದಲಾಗಿ, ಅವಳು ಹುಡುಗಿಯಾಗಿದ್ದಾಗಿನ ಹೆಸರು ಈಗ ಯಾರಿಗೂ ಬೇಡವಾಗಿದೆ. ಅಕ್ಕ ಒಬ್ಬಳೇ, ಯಾರೂ ಇಲ್ಲದಾಗ, ಅವಳನ್ನು ಇನ್ನೂ ಉಲೋಯ್ ಎನ್ನುತ್ತಾಳೆ. "ಅವಳು ಹಾಗೆ ಕರೆದ್ರೆ ನಂಗೆ ಇನ್ನೂ ಕೊಡ ಹೊತ್ತು ಓಡ್ಬೇಕು ಅನ್ಸುತ್ತೆ ಕಣೇ," ಎಂದು ನಕ್ಕಳು.

ಹಬ್ಬ ಸೆಪ್ಟೆಂಬರ್ ಐದು, ಶನಿವಾರ. ಮೂರನೇ ತಾರೀಖಿನ ವಿಮಾನಕ್ಕೆ ನಮಗೆ ಸೀಟು ಇತ್ತು. ಆದರೆ ಮೋಡ ಕವಿದು ಸೋಮವಾರದಿಂದ ಒಂದು ವಿಮಾನವೂ ಬೆಟ್ಟ ಹತ್ತಿರಲಿಲ್ಲ. ಮಿರಿಯಲ್ಲಿ ಜನ ಸಾಲುಗಟ್ಟಿ ಕಾಯುತ್ತಿದ್ದರು. ಹಬ್ಬಕ್ಕೆ ಸಕ್ಕರೆ, ನೂಡಲ್ಸ್, ಡಬ್ಬಿ ಮೀನು ತರಲು ಅಗಾನ್ ಮಾವ ಕೆಳಗೆ ಬಂದಿದ್ದ. ಬುಧವಾರ ಬೆಳಗ್ಗೆ ಅವನ ಹೈಲಕ್ಸ್ ಗಾಡಿಯಲ್ಲೇ ಹೊರಟೆವು. ಮುಂದೆ ಮಾವ, ನಡುವೆ ನಾನು, ಕಿಟಕಿ ಪಕ್ಕ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡ ಅಜ್ಜಿ. ಹಿಂದೆ ಸಾಮಾನು, ಅದರ ಮೇಲೆ ಮಿರಿಯಲ್ಲಿ ಅಚ್ಚು ಹಾಕಿಸಿದ ನನ್ನ ಕರಪತ್ರಗಳ ಎರಡು ಕಟ್ಟು.

ಗುರುವಾರ ಮಧ್ಯಾಹ್ನ ಜಾರುಗುಡ್ಡ ಮುಟ್ಟಿದೆವು. ನೀನು ಆ ಗುಡ್ಡವನ್ನು ನೋಡಿ ವರ್ಷದ ಮೇಲಾಯಿತು. ಈಗ ಅದು ದಾರಿಯಲ್ಲ, ಕೆಂಪು ಗಂಜಿ. ನಮ್ಮ ಸಂಘ ಮುಂದೆ ಹನ್ನೆರಡು ಕಿಲೋಮೀಟರಿನಲ್ಲಿ ದಾರಿಗೆ ಅಡ್ಡ ಬೊಂಬು ಕಟ್ಟಿ ಮರದ ಲಾರಿಗಳನ್ನು ತಡೆದ ಮೇಲೆ, ಕಂಪನಿಯವರು ಆ ಭಾಗದ ದಾರಿ ನೋಡುವುದನ್ನೇ ಬಿಟ್ಟಿದ್ದಾರೆ.

ಮಾವ ಗಾಡಿ ನಿಲ್ಲಿಸಿ ಇಳಿದು, ಕೆಸರಿಗೆ ಕೋಲು ಚುಚ್ಚಿ ನೋಡಿದ. ಕೋಲು ಅರ್ಧ ಮುಳುಗಿತು.

"ನೋಡಮ್ಮ ನಾಯಕಿ," ಅಂದ. "ಲಾರಿ ನಿಲ್ಸಿದ್ರಿ, ಒಳ್ಳೇದಾಯ್ತು. ಲಾರಿ ಜೊತೆ ಮಣ್ಣು ಸಮ ಮಾಡೋ ಗಾಡೀನೂ ನಿಂತ್ಹೋಯ್ತು. ಈ ಗುಂಡಿ ಯಾರು ಮುಚ್ತಾರೆ? ನಿನ್ನ ಸಂಘಾನಾ?"

"ಗುಂಡಿ ತೋಡಿದ್ದೇ ಅವರ ಲಾರಿ, ಮಾವ."

"ತೋಡಿದ್ದು ಯಾರಾದ್ರೂ ಆಗ್ಲಿ, ಬೀಳೋನು ನಾನು."

ಗಾಲಿಗಳಿಗೆ ಸರಪಳಿ ಸುತ್ತಿ, ನಾಲ್ಕೂ ಗಾಲಿಗೆ ಎಳೆತ ಬರುವ ಸಣ್ಣ ಗೇರಿಗೆ ಹಾಕಿ ಹತ್ತಿಸಿದ. ಮುಕ್ಕಾಲು ಗುಡ್ಡ ಹತ್ತಿದೆವು. ಆಮೇಲೆ ಹಿಂಭಾಗ ಎಡಕ್ಕೆ ಜಾರಿ ಲಾರಿ ಗಾಲಿಯ ಹಳೆಯ ಕಾಲುವೆಗೆ ಇಳಿಯಿತು. ಗಾಡಿಯ ಹೊಟ್ಟೆ ನೆಲಕ್ಕೆ ಕೂತಿತು. ಮಾವ ಒಂದು ಸಲ ಹಿಂದೆ, ಒಂದು ಸಲ ಮುಂದೆ ತೂಗಿಸಿದ. ನಾನು "ಇನ್ನೂ ಒತ್ತು, ಇನ್ನೂ ಒತ್ತು" ಎಂದು ಕೂಗಿದೆ. ಅವನು ಒತ್ತಿದ. ಕೆಳಗಿನಿಂದ ಬಂಡೆ ಬಿರಿದ ಹಾಗೆ ಒಂದು ಸದ್ದು ಬಂತು, ಅದರ ಹಿಂದೆಯೇ ಕಬ್ಬಿಣ ಕಬ್ಬಿಣವನ್ನು ಬಡಿಯುವ ಸದ್ದು. ಮಾವ ಎಂಜಿನ್ ಆರಿಸಿ, ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟ.

"ಹೋಯ್ತು," ಅಂದ.

"ಏನು ಹೋಯ್ತು?"

"ಇಳಿದು ನೋಡು. ಏನು ಉಳಿದಿದೆ ಅಂತ ಹೇಳು."

ಹಿಂದಿನ ಗಾಲಿಗಳಿಗೆ ತಿರುಗುವ ಶಕ್ತಿ ಕೊಂಡೊಯ್ಯುವ ಉದ್ದನೆಯ ಶಾಫ್ಟ್ ಇದೆಯಲ್ಲ, ಅದರ ತುದಿಯನ್ನು ಜೋಡಿಸುವ ಕೀಲು, ಕ್ರಾಸ್ ಅನ್ನುತ್ತಾರಲ್ಲ, ಅದು ಎರಡು ತುಂಡಾಗಿತ್ತು. ಶಾಫ್ಟ್ ಕೆಸರಿನಲ್ಲಿ ನೇತಾಡುತ್ತಿತ್ತು. ಎಡಗಡೆ ಕಮಾನಿನ ಪಟ್ಟಿಗಳಲ್ಲಿ ಮೂರು ಮುರಿದಿದ್ದವು. ನೀನಿದ್ದಿದ್ದರೆ ಒಂದು ನೋಟದಲ್ಲಿ ಎಲ್ಲ ಹೇಳುತ್ತಿದ್ದೆ. ನನಗೆ ಆ ಹೆಸರುಗಳು ಗೊತ್ತಾದದ್ದೇ ಆ ಮೂರು ದಿನಗಳಲ್ಲಿ.

ಮಾವ ಕೆಸರಿನಲ್ಲಿ ಅಂಗಾತ ಮಲಗಿ ಶಾಫ್ಟ್ ಬಿಚ್ಚಿದ. ಕಮಾನಿಗೆ ಮರದ ತುಂಡು ಇಟ್ಟು ಹಗ್ಗದಿಂದ ಬಿಗಿದ. ಮುಂದಿನ ಎರಡೇ ಗಾಲಿಯಿಂದ ಎಳೆಸೋಣ ಎಂದು ನೋಡಿದೆವು. ಜಾಕ್ ಹಚ್ಚಿದರೆ ಜಾಕೇ ಕೆಳಗೆ ಇಳಿಯುತ್ತಿತ್ತು. ಹಲಗೆ ಹಾಕಿದೆವು, ಸೊಪ್ಪು ಹಾಕಿದೆವು, ಕಾಲಿಡುವ ಚಾಪೆಗಳನ್ನು ಹಾಕಿದೆವು.

"ಕರಪತ್ರ ಹಾಕು," ಅಂದ ಮಾವ. "ಅದ್ರಲ್ಲಿ ತುಂಬಾ ಬಲ ಇದೆ ಅಂತೀಯಲ್ಲ, ಗಾಲಿಗೆ ಹಿಡಿತ ಸಿಗ್ಬಹುದು."

ಅವನು ಹೇಳಿದ್ದು ತಮಾಷೆಗೆ. ನನಗೆ ಸಿಟ್ಟು ಬಂತು. ಒಂದು ಕಟ್ಟು ಇಳಿಸಿ ಬಲಗಾಲಿಯ ಕೆಳಗೆ ತುರುಕಿದೆ. ಗಾಲಿ ಒಂದು ಸುತ್ತು ತಿರುಗಿ ಅಷ್ಟನ್ನೂ ಅಗಿದು ಹಿಂದಕ್ಕೆ ಉಗಿಯಿತು. 'ಕಾಡು ನಮ್ಮ ತಾಯಿ' ಎಂಬ ಹಾಳೆ ಮಾವನ ಎದೆಗೆ ಹೋಗಿ ಅಂಟಿತು. ಅಜ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇಬ್ರಿಗೂ ಹಸಿವಾಗಿದೆ, ಬಂದು ತಿನ್ನಿ," ಅಂದಳು. ಎಲೆಯಲ್ಲಿ ಕಟ್ಟಿದ ಮೆತ್ತನೆಯ ಅನ್ನ ತಿಂದೆವು. ಕಾಲಿನ ಜಿಗಣೆ ಕಿತ್ತುಕೊಳ್ಳುತ್ತಾ ತಿಂದೆವು.

ಅವತ್ತು ಸಂಜೆ ಕೆಳಗಿನಿಂದ ಒಬ್ಬ ಬೈಕಿನವನು ಬಂದ. ಕೆಸರಿನಲ್ಲಿ ನಿಂತಿದ್ದ ಮಾವನನ್ನೂ ನನ್ನನ್ನೂ, ಗುಡ್ಡವನ್ನೂ ನೋಡಿ ಮುಂದೆ ಹೋಗುವ ಆಸೆ ಬಿಟ್ಟು ವಾಪಸು ತಿರುಗಿಸಿದ. "ಕ್ಯಾಂಪಿಗೆ ಹೇಳ್ಲಾ? ಒಂಬತ್ತೇ ಕಿಲೋಮೀಟರು. ಟ್ರ್ಯಾಕ್ಟರ್ ಕಳಿಸ್ತಾರೆ," ಅಂದ.

"ಬೇಡ," ಅಂದೆ. ಮಾವ ಬಾಯಿ ತೆರೆಯುವ ಮೊದಲೇ ಅಂದೆ.

ಶುಕ್ರವಾರ ಬೆಳಗ್ಗೆ ಮಾವನಿಗೂ ನನಗೂ ಜಗಳವಾಯಿತು. ಒಂದನ್ನೂ ಬಿಡದೆ ಬರೆಯುತ್ತೇನೆ.

"ನಾನು ಕ್ಯಾಂಪಿಗೆ ಹೋಗ್ತೀನಿ," ಅಂದ ಮಾವ. "ಒಂದು ಗಂಟೆ ಎಳೆದ್ರೆ ಮುಗೀತು. ಸಂಜೆಗೆ ಮನೇಲಿರ್ತೀವಿ."

"ನೀನು ಸಂಘದ ಪ್ರತಿಜ್ಞೆಗೆ ಸಹಿ ಹಾಕಿದೀಯ ಮಾವ. ಕಂಪನಿಯ ಅಕ್ಕಿ ಮುಟ್ಟಲ್ಲ, ಡೀಸೆಲ್ ಮುಟ್ಟಲ್ಲ, ಸರಪಳಿ ಮುಟ್ಟಲ್ಲ ಅಂತ."

"ಸಹಿ ಹಾಕ್ಸಿದೋಳು ನೀನು. ಆವತ್ತು ಬಿಸಿಲಿತ್ತು, ರಸ್ತೆ ಒಣಗಿತ್ತು, ಹಾಕ್ದೆ."

"ಇವತ್ತು ಅವರ ಸರಪಳಿ ಹಿಡಿದ್ರೆ ನಾಳೆ ಅವರು ಬಂದು, ನಿಮ್ಮ ಅಜ್ಜೀನ ಎಳೆದಿದ್ದು ನಾವು, ನಮ್ಮ ಲಾರಿ ಬಿಡಿ ಅಂತಾರೆ. ಆಗ ಏನು ಹೇಳ್ತೀಯ?"

"ಥ್ಯಾಂಕ್ಸ್ ಅಂತೀನಿ. ಲಾರಿ ಬಿಡಲ್ಲ ಅಂತೀನಿ. ಎರಡೂ ಹೇಳೋಕೆ ಬಾಯಿ ಒಂದಿದ್ರೆ ಸಾಕು."

"ನೀನು ಹೋಗೋದಿದ್ರೆ ಹೋಗು. ತಡೆ ಹತ್ರ ಎಲ್ಲರ ಮುಂದೆ, ಮಾತು ತಪ್ಪಿದೋನು ಅಂತ ನಿನ್ನ ಹೆಸರು ಓದ್ತೀನಿ."

ಮಾವ ನನ್ನನ್ನು ಎತ್ತಿ ಆಡಿಸಿದವನು. ಅವನ ಮುಖ ಆಗ ಹೇಗಾಯಿತು ಎಂದು ಬರೆಯಲಾರೆ. ಅಜ್ಜಿ ಒಳಗಿನಿಂದ ಕೇಳಿದಳು: "ರಾಬನ್ ಆ ಕ್ಯಾಂಪಲ್ಲೇ ಇದಾನಲ್ವಾ?"

"ಅವ್ನು ಈಗ ನಮ್ಮೋನಲ್ಲ ಅಜ್ಜಿ."

ಮಾವ ಮುರಿದ ಕ್ರಾಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೇಲಕ್ಕೆ, ತಡೆಯ ಕಡೆ, ಹನ್ನೆರಡು ಕಿಲೋಮೀಟರು ನಡೆದ. ಅಲ್ಲಿ ಗುಡಿಸಲ ಹಿಂದೆ ಬಿದ್ದಿರುವ ಹಳೇ ಗಾಡಿಯಿಂದ ಒಂದು ಕ್ರಾಸ್ ಬಿಚ್ಚಿ ತರುತ್ತೇನೆ, ಜನರನ್ನೂ ಕರೆತರುತ್ತೇನೆ ಎಂದು. ನಾನೂ ಅಜ್ಜಿಯೂ ಗಾಡಿಯಲ್ಲಿ ಉಳಿದೆವು.

ಆ ಶುಕ್ರವಾರದ ಮಧ್ಯಾಹ್ನದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಕೊನೆಯಲ್ಲಿ ಬರೆಯುತ್ತೇನೆ, ನನ್ನಿಂದಾದರೆ.

ಮಾವ ಸಂಜೆ ಒಬ್ಬನೇ ಬಂದ. ತಡೆಯ ಹತ್ತಿರ ಜನರೇ ಇರಲಿಲ್ಲ. ಎಲ್ಲ ಹಬ್ಬಕ್ಕೆ ಹೋಗಿದ್ದರು. ಕಾವಲಿಗೆ ಕಿವಿ ಕೇಳದ ಬೆಲಾನ್ ತಾತ ಮಾತ್ರ ಕೂತಿದ್ದನಂತೆ. "ನೋಡು ನಿನ್ನ ಸೈನ್ಯ," ಅಂದ ಮಾವ. "ಹಂದಿ ಮಾಂಸ ಬೇಯ್ತಿದೆ ಅಂದ ತಕ್ಷಣ ಕ್ರಾಂತಿ ರಜೆ ತಗೊಂಡಿದೆ." ಇಪ್ಪತ್ತನಾಲ್ಕು ಕಿಲೋಮೀಟರು ನಡೆದಿದ್ದ. ಹೆಬ್ಬೆರಳಿನ ಉಗುರು ಎದ್ದು ಬಂದಿತ್ತು. ತಂದ ಕ್ರಾಸ್ ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ದಪ್ಪ. ಶನಿವಾರ ಬೆಳಕು ಹರಿದಾಗಿನಿಂದ ಹತ್ತು ಗಂಟೆಯವರೆಗೆ ಅರದಿಂದ ತಿಕ್ಕಿದ, ನಾನೂ ತಿಕ್ಕಿದೆ. ಕೊನೆಗೆ ಕೂತಿತು.

ಶಾಫ್ಟ್ ಕಟ್ಟಿದೆವು. ಇನ್ನು ಗಾಡಿಯ ಮೂತಿಯಲ್ಲಿ ಕಂಬಿಹಗ್ಗ ಸುತ್ತುವ ವಿಂಚಿನಿಂದ ಎಳೆದುಕೊಂಡರೆ ಗುಂಡಿಯಿಂದ ಮೇಲೆ ಬರುತ್ತೇವೆ. ಕಂಬಿಹಗ್ಗದ ತುದಿ ಹಿಡಿದುಕೊಂಡು ಮಾವ ಮೇಲೆ ಹತ್ತಿ, ಕಟ್ಟಲು ಮರ ಹುಡುಕಿದ. ಅಣ್ಣ, ಆ ಗುಡ್ಡದ ಮೇಲೆ ತೋಳಿಗಿಂತ ದಪ್ಪನೆಯ ಒಂದು ಮರವೂ ಇಲ್ಲ. ಎಲ್ಲಾ ಹೋದ ಹತ್ತು ವರ್ಷಗಳಲ್ಲಿ ನಿನ್ನ ಕಂಪನಿಯವರು ಕಡಿದು ಸಾಗಿಸಿದ ಜಾಗ. ಈಗ ಎದ್ದಿರುವುದು ಬರೀ ಟೊಳ್ಳು ಪೊದೆ. ನಾನು ಮಿರಿಯಲ್ಲಿ ಭಾಷಣ ಮಾಡುವಾಗ ಪಕ್ಷಿಗಳ ಬಗ್ಗೆ, ನದಿಗಳ ಬಗ್ಗೆ, ಔಷಧದ ಬೇರುಗಳ ಬಗ್ಗೆ ಹೇಳುತ್ತೇನೆ. ಒಂದು ಗಾಡಿ ಕಟ್ಟಲು ಮರ ಇಲ್ಲ ಎಂಬ ಇಷ್ಟು ಸರಳ ಮಾತು ನನಗೆ ಹೊಳೆದೇ ಇರಲಿಲ್ಲ. ಒಂದು ಎಳೆಯ ಗಿಡಕ್ಕೆ ಕಟ್ಟಿ ನೋಡಿದೆವು. ಬೇರುಸಹಿತ ಕಿತ್ತುಕೊಂಡು ನಮ್ಮ ಕಡೆಗೇ ಬಂತು.

"ಸ್ಟೆಪ್ನಿ ಹೂಳೋಣ," ಅಂದ ಮಾವ. ಈ ದಾರಿಯಲ್ಲಿ ಗಾಡಿ ಓಡಿಸುವವರು ಕಟ್ಟಲು ಮರ ಸಿಗದಾಗ ಮಾಡುವುದೇ ಅದು. ಎದೆಮಟ್ಟ ಗುಂಡಿ ತೋಡಿ, ಸ್ಟೆಪ್ನಿಗೆ ಕಂಬಿಹಗ್ಗ ಕಟ್ಟಿ, ಅದನ್ನು ಹೂತು, ಮೇಲೆ ಕಲ್ಲುಮಣ್ಣು ತುಂಬಿ ತುಳಿದೆವು. ಅಂಟಿನಂತಹ ಮಣ್ಣು ಹತ್ತಿಕೊಂಡು ಸಲಿಕೆ ಮಣಭಾರ. ಹನ್ನೆರಡು ಗಂಟೆ ಆಗಿತ್ತು.

ಆಗ ಗಾಡಿಯ ಬಾಗಿಲು ತೆರೆದ ಸದ್ದಾಯಿತು. ನೋಡಿದರೆ ಅಜ್ಜಿ ಸೀಟಿನ ಮೇಲೆ ನೆಟ್ಟಗೆ ಕೂತಿದ್ದಾಳೆ. ಹಬ್ಬದ ಕಪ್ಪು ಲಂಗ ಉಟ್ಟಿದ್ದಾಳೆ. ತಲೆಯ ಮೇಲೆ ಮಣಿಯ ಟೊಪ್ಪಿಗೆ, ಅದೇ ಅವಳ ಅಮ್ಮನದು, ಕಿತ್ತಳೆ ಬಣ್ಣದ ಹಳೇ ಮಣಿಗಳದ್ದು. ಕಣ್ಣಿನ ಹಸಿರು ಬಟ್ಟೆ ತೆಗೆದಿದ್ದಳು.

"ಈಗ ಹೆಸರು ಕೂಗ್ತಿರ್ತಾರೆ," ಅಂದಳು.

ಮಾವ ಸಲಿಕೆ ಬಿಟ್ಟು ಹೋಗಿ ಅವಳ ಕಾಲ ಹತ್ತಿರ ಕೂತ. "ಅಮ್ಮಾ, ಇನ್ನೊಂದು ಗಂಟೆ. ಎಳೆದೇ ಬಿಡ್ತೀನಿ," ಅಂದ. ಎಂಜಿನ್ ಹಾಕಿದ. ಕಂಬಿಹಗ್ಗ ಬಿಗಿಯಾಯಿತು, ಗಾಡಿ ನರಳುತ್ತಾ ಒಂದು ಮೊಳ ಮೇಲೆ ಎದ್ದಿತು. ನಾನು ಕೂಗಲಿಲ್ಲ, ಬಾಯಿಗೆ ಕೈ ಇಟ್ಟುಕೊಂಡಿದ್ದೆ. ಎರಡು ಮೊಳ. ಆಮೇಲೆ ಹಗ್ಗ ತುಂಡಾಗಿ ಹಾವಿನಂತೆ ಹಾರಿ ಬಂದು ಮುಂದಿನ ಗಾಜಿಗೆ ಬಡಿಯಿತು. ಗಾಡಿ ಮೊದಲು ಕೂತಿದ್ದ ಜಾಗಕ್ಕೇ ಹೋಗಿ, ಅದಕ್ಕಿಂತ ಒಂದು ಗೇಣು ಕೆಳಗೆ ಕೂತಿತು. ಅಜ್ಜಿಯ ಮಡಿಲ ತುಂಬ ಗಾಜಿನ ಪುಡಿ. ಕಣ್ಣಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಅವಳು ಗಾಜನ್ನು ಒಂದೊಂದಾಗಿ ಆರಿಸಿ ಹೊರಗೆ ಹಾಕಿದಳು. ಆಮೇಲೆ ಮಣಿಟೊಪ್ಪಿಗೆ ತೆಗೆದು ಬಟ್ಟೆಯಲ್ಲಿ ಸುತ್ತಿಟ್ಟಳು.

ಆ ಮಧ್ಯಾಹ್ನ ನಾವು ಮೂರು ಜನರೂ ಗಾಡಿಯಲ್ಲೇ ಕೂತಿದ್ದೆವು. ಮುಂದೆ ಹೋಗುವಂತಿಲ್ಲ, ಹಿಂದೆ ಹೋಗುವಂತಿಲ್ಲ. ಇಳಿದರೆ ಮೊಣಕಾಲವರೆಗೆ ಕೆಸರು, ಹತ್ತಿದರೆ ಬೆವರು ಮತ್ತು ಒದ್ದೆ ಬಟ್ಟೆಯ ವಾಸನೆ. ಕ್ಯಾಂಪಿನ ಹಾದಿ ನಾನೇ ಮುಚ್ಚಿದ್ದೆ. ಆ ಪ್ರತಿಜ್ಞೆ ಬರೆಯುವಾಗ ಅದು ಕಂಪನಿಯನ್ನು ಕಟ್ಟಿಹಾಕುವ ಹಗ್ಗ ಎಂದುಕೊಂಡಿದ್ದೆ.

ಭಾನುವಾರ ಬೆಳಗ್ಗೆ ಹಬ್ಬ ಮುಗಿಸಿ ತಡೆಗೆ ವಾಪಸಾದವರಿಗೆ ಬೆಲಾನ್ ತಾತ ಕೈಸನ್ನೆಯಲ್ಲಿ ಹೇಳಿದ. ಹದಿನೈದು ಜನ ಎರಡು ಗಾಡಿಯಲ್ಲಿ ಬಂದು ಎಳೆದರು. ಮನೆ ಮುಟ್ಟಿದಾಗ ಸಂಜೆ ನಾಲ್ಕು. ದೊಡ್ಡಜ್ಜಿ ಬೆಳಗ್ಗೆ ಎಂಟಕ್ಕೆ ಹೊರಟುಹೋಗಿದ್ದಳು. ಎಂಬತ್ತಾರರ ಮುದುಕಿಯನ್ನು ಮೊಮ್ಮಗನ ಬೈಕಿನ ಹಿಂದೆ ಬಟ್ಟೆಯಿಂದ ಅವನ ಬೆನ್ನಿಗೇ ಕಟ್ಟಿ ಗಡಿ ದಾಟಿಸಿ ಕರೆತಂದಿದ್ದರಂತೆ. ಆ ಬೈಕಿನ ಹುಡುಗರಿಗೆ ಸೋಮವಾರ ಕೊಯ್ಲು, ಇನ್ನೊಂದು ದಿನ ನಿಲ್ಲಲಾಗಲಿಲ್ಲ. ಶನಿವಾರ ಇಡೀ ದಿನ ಅವಳು ನಮ್ಮೆಲ್ಲರ ಸಂಸಾರಗಳಿರುವ ಉದ್ದಮನೆಯ ಜಗಲಿಯ ತುದಿಯಲ್ಲಿ, ದಾರಿ ಕಾಣುವ ಕಡೆ ಕೂತಿದ್ದಳೆಂದು ಅಮ್ಮ ಹೇಳಿದಳು. ಊಟಕ್ಕೆ ಕರೆದರೆ, "ಅವಳು ಬರ್ಲಿ, ಒಟ್ಟಿಗೆ ತಿಂತೀವಿ," ಅಂದಳಂತೆ. ಇನ್ನೊಂದು ಸಲ ಅವಳು ಆ ಬೈಕ್ ಹತ್ತಲಾರಳು. ನಮ್ಮ ಅಜ್ಜಿ ಗಡಿ ದಾಟಲಾರಳು.

ಅಪ್ಪನ ಸಿಟ್ಟು ನಿನ್ನ ಮೇಲೆ ತಿರುಗಿದ್ದು ಆಗ. ಮಾವ ಅಷ್ಟು ನಡೆದದ್ದು, ಕಂಬಿ ತುಂಡಾದದ್ದು ಎಲ್ಲ ಕೇಳಿ, "ಒಂಬತ್ತು ಕಿಲೋಮೀಟರಲ್ಲಿ ಟ್ರ್ಯಾಕ್ಟರ್ ಇಟ್ಕೊಂಡು ಕೂತಿದ್ದ. ಆ ಬೈಕಿನವನು ಕ್ಯಾಂಪಲ್ಲಿ ಹೇಳ್ದೇ ಇರ್ತಾನಾ? ಹೆತ್ತವರ ಮೇಲೆ ಸಿಟ್ಟಿರ್ಲಿ, ಅಜ್ಜಿ ಏನು ಮಾಡಿದ್ಲು ಅವನಿಗೆ?" ಎಂದ. ಕಂಪನಿ ಸೇರಿದ್ದಕ್ಕೆ ನಿನ್ನನ್ನು ಬೈದಿದ್ದ ಅಪ್ಪ ಮನೆಗೆ ಬರಬೇಡ ಎಂದು ಯಾವತ್ತೂ ಅಂದಿರಲಿಲ್ಲ. ಈ ಸಲ ಅಂದ. ಮುಂದಿನ ವಾರ ನೀನು ಮಗುವಿಗೆಂದು ಕಳಿಸಿದ ಕಂಬಳಿಯನ್ನೂ ವಾಪಸು ಕಳಿಸಿದ. ನೀನು ಅದಕ್ಕೆ ಏನೂ ಜವಾಬು ಕೊಡಲಿಲ್ಲ. ಒಂದು ಮಾತೂ ಇಲ್ಲ. "ನೋಡು, ತಪ್ಪಿರೋದ್ರಿಂದ ಸುಮ್ನಿದಾನೆ," ಎಂದ ಅಪ್ಪ. ನಾನು ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದೆ.

ಕಂಪನಿ ಬಗ್ಗೆ ನನ್ನ ಮಾತು ಬದಲಾಗಿಲ್ಲ. ತಡೆ ತೆಗೆಯುವುದಿಲ್ಲ, ನಾಳೆಯೂ ಅಲ್ಲಿ ನಿಲ್ಲುತ್ತೇನೆ. ನೀನು ಆ ಕೆಲಸ ಬಿಡಬೇಕು ಎಂದು ಈಗಲೂ ಹೇಳುತ್ತೇನೆ. ಇದನ್ನು ಬರೆಯದಿದ್ದರೆ ಉಳಿದದ್ದನ್ನೂ ನೀನು ನಂಬುವುದಿಲ್ಲ.

ಮರದ ದಿಮ್ಮಿ ಎಳೆಯುವಾಗ ಹುಷಾರಾಗಿರು. ಕಂಬಿಹಗ್ಗದ ನೇರಕ್ಕೆ ಯಾವತ್ತೂ ನಿಲ್ಲಬೇಡ, ಅದು ಹೇಗೆ ಹಾರುತ್ತದೆ ಎಂದು ಕಣ್ಣಾರೆ ಕಂಡಿದ್ದೇನೆ. ಅಮ್ಮ ನಿನ್ನ ಹೆಸರು ಹಿಡಿದು ದಿನವೂ ಪ್ರಾರ್ಥನೆ ಮಾಡುತ್ತಾಳೆ, ಅಪ್ಪನಿಗೆ ಕೇಳಿಸದ ಹಾಗೆ. ದೇವರು ನಿನ್ನ ಕೈಕಾಲು ಕಾಯಲಿ, ಹೊಟ್ಟೆತುಂಬ ಊಟ ಕೊಡಲಿ.

ನಿನ್ನ ತಂಗಿ,
ರಿನಾಯ್

ಮ.ವಿ.: ಶುಕ್ರವಾರ ಮಧ್ಯಾಹ್ನ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಆದರೂ ನನ್ನ ಕೈಯಿಂದ ಬರೆಯಬೇಕು. ಮಾವ ಹೋಗಿ ಮೂರು ಗಂಟೆಯಾಗಿತ್ತು. ಅಜ್ಜಿ ಸೀಟಿನ ಮೇಲೆ ಕಾಲು ಮಡಚಿ ಮಲಗಿದ್ದಳು. ಗುಡ್ಡದ ಕೆಳಗಿನಿಂದ ಸದ್ದು ಹತ್ತಿ ಬರುವುದು ಕೇಳಿ ನಾನು ಇಳಿದು, ಗಾಡಿಯಿಂದ ಹತ್ತು ಹೆಜ್ಜೆ ಕೆಳಗೆ ಅಡ್ಡ ನಿಂತೆ. ನಿನ್ನ ಜೊತೆಗಾರ ಉಂಗಾಟ್ ನಿನ್ನ ಟ್ರ್ಯಾಕ್ಟರ್ ತಂದಿದ್ದ. "ರಾಬನ್ ಕಳಿಸ್ದ," ಅಂದ. "ತಾನು ಬಂದ್ರೆ ನೀನು ಕಲ್ಲು ಎತ್ತಿಕೊಳ್ತೀಯಂತೆ, ಅದಕ್ಕೆ ನನ್ನ ಕಳಿಸ್ದ. ಕಂಪನಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಾಗಲ್ಲ. ಎಲ್ಲಿ ನಿಮ್ಮಜ್ಜಿ?"

ಯಾವ ಸಹಿಯನ್ನೂ ಕೇಳಲಿಲ್ಲ ಅವನು. ಯಾವ ಷರತ್ತನ್ನೂ ಹಾಕಲಿಲ್ಲ. ಕೈಯಲ್ಲಿ ಸರಪಳಿ ಹಿಡಿದು ನಿಂತಿದ್ದ.

ನಾನು ಹೇಳಿದೆ: "ಅಜ್ಜಿ ನಮ್ಮ ಜೊತೆ ಬರ್ಲೇ ಇಲ್ಲ. ಮಿರಿಯಿಂದ ಬೆಳಗ್ಗೆ ವಿಮಾನದಲ್ಲಿ ಹೋದ್ಲು. ಇಲ್ಲಿರೋದು ಸಾಮಾನು ಮಾತ್ರ. ನಿಮ್ಮ ಸರಪಳಿ ಬೇಡ ಅಂತ ನಿಮ್ಮ ರಾಬನ್‌ಗೆ ಹೇಳು."

ಅವನು ಮೇಲೆ ಗಾಡಿಯ ಕಡೆ ಒಂದು ಸಲ ನೋಡಿದ. ನನ್ನ ಮಾತು ನಂಬಿ ಟ್ರ್ಯಾಕ್ಟರ್ ತಿರುಗಿಸಿಕೊಂಡು ಹೋದ. ಅಜ್ಜಿ ವಿಮಾನದಲ್ಲಿ ಹೋದಳೆಂದು ನೀನೂ ನಿಶ್ಚಿಂತೆಯಿಂದ ಇದ್ದೆ. ಆಮೇಲೆ ನಿಜ ತಿಳಿದಾಗ, ಸುಳ್ಳು ಹೇಳಿದ್ದು ಯಾರೆಂದು ನಿನಗೆ ಗೊತ್ತಾಗದೆ ಇರುವುದಿಲ್ಲ. ಒಂದೇ ಒಂದು ಮಾತು ಹೇಳಿ ಕಳಿಸಿದ್ದರೆ ಅಪ್ಪನ ಸಿಟ್ಟು ನನ್ನ ಮೇಲೆ ಬರುತ್ತಿತ್ತು. ನೀನು ಹೇಳಲಿಲ್ಲ. ವಾಪಸು ಬಂದ ಕಂಬಳಿ ತೆಗೆದುಕೊಂಡೆ, ಸುಮ್ಮನಿದ್ದೆ.

ಅಜ್ಜಿ ನಿದ್ದೆ ಮಾಡಿರಲಿಲ್ಲ. ಅದು ನನಗೆ ಗೊತ್ತಾದದ್ದು ಹೋದ ಬುಧವಾರ. ಒಲೆಯ ಮುಂದೆ ಇಬ್ಬರೇ ಇದ್ದೆವು. "ವಿಮಾನದಲ್ಲಿ ಹೋದೋಳು ನಾನಲ್ವೇನೇ?" ಅಂದಳು. ಕಿಟಕಿ ತೆರೆದಿತ್ತಂತೆ, ಒಂದೊಂದು ಮಾತೂ ಕೇಳಿಸಿತ್ತಂತೆ. "ಮತ್ತೆ ಯಾಕಜ್ಜಿ ಕೂಗ್ಲಿಲ್ಲ?" ಎಂದು ಕೇಳಿದೆ. "ಮನೆ ಮಗಳನ್ನ ಹೊರಗಿನೋನ ಮುಂದೆ ಸುಳ್ಳಿ ಮಾಡೋದು ಹೇಗೆ?" ಅಂದಳು. ಆಮೇಲೆ, "ಅಪ್ಪಂಗೆ ನಾನು ಹೇಳಲ್ಲ. ಅದು ನಿನ್ನ ಬಾಯಿಂದ ಬರ್ಬೇಕಾದ್ದು," ಅಂದಳು.

ನೂರಾರು ಜನರ ಮುಂದೆ, ಪೊಲೀಸರ ಮುಂದೆ ಕೂಡ, ನನ್ನ ದನಿ ಯಾವತ್ತೂ ನಡುಗಿಲ್ಲ. ಬುಧವಾರದಿಂದ ನಾಲ್ಕು ಸಲ ಅಪ್ಪನ ಎದುರು ಹೋಗಿ ನಿಂತೆ. ನಾಲ್ಕು ಸಲವೂ, "ಏನು ಬೇಕಮ್ಮ?" ಎಂದು ಅವನು ತಲೆ ಎತ್ತಿದಾಗ, ಏನೂ ಇಲ್ಲಪ್ಪ ಎಂದು ಬಂದೆ.

ನನ್ನಿಂದ ಆಗುತ್ತಿಲ್ಲ, ಅಣ್ಣ. ಈ ಕಾಗದ ಹಿಡಿದುಕೊಂಡು ನೀನೇ ಬಾ. ನೀನೇ ಅಪ್ಪನಿಗೆ ಓದಿ ಹೇಳು. ನಾನು ಅಲ್ಲೇ ಕೂತಿರುತ್ತೇನೆ, ಅಲ್ಲ ಅನ್ನುವುದಿಲ್ಲ.